ಕೊಟ್ಟ ಮಾತಿಗೆ ಚುಕ್ಕೆ ಅಕ್ಕನ ಕಾವಲು

ಬೆಳಗಿನ ಐದೂವರೆ. ಶಾಸನಸಭೆಯ ಮುಂಬಾಗಿಲಿನ ದೀಪಗಳು ಒಂದೊಂದಾಗಿ ಆರುತ್ತಿವೆ. ಹಿಂಬಾಗಿಲಿನ ಕಾವಲುಗಾರ ಆಕಳಿಕೆಯನ್ನು ಅರ್ಧಕ್ಕೇ ನುಂಗಿಕೊಂಡು ಎದ್ದು ನಿಲ್ಲುತ್ತಾನೆ, ಯಾಕೆಂದರೆ ಪರಿಚಯದ ಚಪ್ಪಲಿ ಸದ್ದು ಓಣಿಯ ತಿರುವಿನಲ್ಲೇ ಕೇಳಿಸಿದೆ. "ಏನಕ್ಕ, ಕೋಳಿಗಿಂತ ಮುಂಚೆ ಏಳ್ತೀರಲ್ಲ" ಎನ್ನುತ್ತಾನೆ. "ಕೋಳಿಗೇನಪ್ಪ, ಅದಕ್ಕೆ ಅಧಿವೇಶನ ಇಲ್ಲ" ಎಂದು ಹೇಳಿ, ಕೀಲಿಗೊಂಚಲು ಇಸಿದುಕೊಂಡು, ಒಂದು ಕೈಯಲ್ಲಿ ಮಂಡಿ ಹಿಡಿದುಕೊಂಡು ಅಕ್ಕ ನೆಲಮಾಳಿಗೆಯ ಮೆಟ್ಟಿಲು ಇಳಿಯುತ್ತಾರೆ.

ಅಲ್ಲಿರುವುದು ಪ್ರಶ್ನೆಗಳ ಶಾಖೆ. ಉದ್ದನೆಯ ಮೇಜು, ಹೊತ್ತಿಕೊಳ್ಳಲು ಎರಡು ನಿಮಿಷ ಯೋಚಿಸುವ ಟ್ಯೂಬ್‌ಲೈಟು, ಗೋಡೆಯುದ್ದಕ್ಕೂ ಮರದ ಡ್ರಾಯರುಗಳು. ಅಚ್ಚಿನ ಮನೆಯಿಂದ ಆಗಷ್ಟೇ ಬಂದ ಕಾಗದದ ಕಟ್ಟು ಇನ್ನೂ ಬೆಚ್ಚಗಿದೆ. ಅಕ್ಕ ಕನ್ನಡಕ ಒರೆಸಿಕೊಂಡು, ಮರದ ಸ್ಕೇಲೊಂದನ್ನು ಮೊದಲ ಸಾಲಿನ ಕೆಳಗಿಟ್ಟು, ಜೋರಾಗಿ ಓದತೊಡಗುತ್ತಾರೆ. ಕೇಳುವವರು ಯಾರೂ ಇಲ್ಲ. "ಕಣ್ಣು ಮೋಸ ಮಾಡುತ್ತೆ, ಬಿಟ್ಟಿದ್ದನ್ನೂ ಓದಿದ ಹಾಗೆ ತೋರಿಸುತ್ತೆ. ಕಿವಿ ಹಂಗಲ್ಲ" ಎನ್ನುವುದು ಅವರ ಮೂವತ್ನಾಲ್ಕು ವರ್ಷದ ಸರ್ವಿಸಿನ ಸಾರ.

ನಾವು ಟೀವಿಯಲ್ಲಿ ನೋಡುವುದು ಹನ್ನೊಂದು ಗಂಟೆಯ ಸದನವನ್ನು. ಶಾಸಕರು ಎದ್ದು ನಿಂತು ಕೇಳುತ್ತಾರೆ: ಆ ಸೇತುವೆಗೆ ಎಷ್ಟು ಖರ್ಚಾಯಿತು, ಈ ಸರ್ಕಾರಿ ಜಾಗ ಯಾರ ಪಾಲಾಯಿತು, ರೈಲುಮಾರ್ಗ ಯಾಕೆ ಅರ್ಧಕ್ಕೆ ನಿಂತಿತು. ಮಂತ್ರಿಗಳು ಎದ್ದು ಉತ್ತರ ಓದುತ್ತಾರೆ. ಆ ಪ್ರಶ್ನೆ ಹದಿನೈದು ದಿನ ಮುಂಚೆಯೇ ಬಂದು, ಸರಿಯಾದ ಇಲಾಖೆಗೆ ಹೋಗಿ, ಉತ್ತರವಾಗಿ ಮರಳಿ, ಅಚ್ಚಾಗಿ, ನೂರ ಅರವತ್ತು ಸದಸ್ಯರ ಮೇಜಿನ ಮೇಲೆ ಹತ್ತು ಗಂಟೆಯೊಳಗೆ ಕೂತಿರಬೇಕು. ಅದನ್ನು ಕೂರಿಸುವವರು ಅಕ್ಕ. ಬಾಯಿಮಾತಿನ ಉತ್ತರ ಬೇಕೆನ್ನುವ ಪ್ರಶ್ನೆಗೆ ಒಂದು ಚುಕ್ಕೆ ಗುರುತು ಹಾಕುವುದು ರೂಢಿ. ಆ ಚುಕ್ಕೆ ಹಾಕೀ ಹಾಕೀ ಅವರ ಹೆಸರೇ ಚುಕ್ಕೆ ಅಕ್ಕ ಎಂದಾಗಿದೆ. ಸಂಬಳದ ಚೀಟಿಯಲ್ಲಿರುವ ಹೆಸರು ಹೇಳಿ ಕೇಳಿದರೆ ಕಾವಲುಗಾರನೂ ಒಂದು ಗಳಿಗೆ ತಲೆ ಕೆರೆದುಕೊಳ್ಳುತ್ತಾನೆ.

ಅಧಿವೇಶನದ ದಿನವೆಂದರೆ ಚುಕ್ಕೆಯ ಪ್ರಶ್ನೆ ಹದಿನೈದು, ಚುಕ್ಕೆಯಿಲ್ಲದ್ದು ನೂರೈವತ್ತರ ಆಸುಪಾಸು. ಒಂದೊಂದು ಪ್ರಶ್ನೆಗೂ ಅ, ಆ, ಇ ಎಂದು ಬಾಲಗಳು. "ಪ್ರಶ್ನೆಗೆ ಎಷ್ಟು ಭಾಗ ಇದೆಯೋ ಉತ್ತರಕ್ಕೂ ಅಷ್ಟೇ ಇರಬೇಕು. ಇದೆಯಾ ಅಂತ ನೋಡೋದು ನನ್ನ ಕೆಲಸ. ಸರಿಯಿದೆಯಾ ಅಂತ ನೋಡೋದು ಅವರವರ ದೇವರ ಕೆಲಸ" ಎಂದು ನಗುತ್ತಾರೆ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಇಲಾಖೆಗಳು ಎತ್ತಿದ ಕೈ. 'ಪರಿಶೀಲನೆಯಲ್ಲಿದೆ' ಎಂದರೆ ಫೈಲು ಯಾರ ಮೇಜಿನ ಮೇಲಿದೆಯೋ ಗೊತ್ತಿಲ್ಲ. 'ಮಾಹಿತಿ ಸಂಗ್ರಹಿಸಲಾಗುತ್ತಿದೆ' ಎಂದರೆ ಇನ್ನೂ ಯಾರೂ ಎದ್ದಿಲ್ಲ. ಎಲ್ಲಕ್ಕಿಂತ ಘನವಾದದ್ದು 'ಪ್ರಶ್ನೆ ಉದ್ಭವಿಸುವುದಿಲ್ಲ'. ಕೇಳಿದವರು ಎದುರಿಗೇ ನಿಂತಿರುವಾಗ ಕೇಳಿದ್ದು ಹುಟ್ಟಿಯೇ ಇಲ್ಲ ಎನ್ನಲು ಎಷ್ಟು ಧೈರ್ಯ ಬೇಕು!

ಮನೆಯಲ್ಲಿ ಈ ಭಾಷೆ ಅಕ್ಕನ ತಂದೆಯ ನಾಲಿಗೆಗೆ ಏರಿ ಬಹಳ ವರ್ಷವಾಯಿತು. ಎಂಬತ್ಮೂರರ ಆ ಹಿರಿಯರು ನಗರದ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಸಂಜೆ ಮಗಳು ಬಂದು "ಮಾತ್ರೆ ತಗೊಂಡ್ಯಾ ಅಪ್ಪ?" ಎಂದರೆ "ಮಾಹಿತಿ ಸಂಗ್ರಹಿಸಲಾಗುತ್ತಿದೆ" ಎನ್ನುತ್ತಾರೆ. "ಬೀಡಿ ಸೇದಿದ್ಯಾ?" ಎಂದರೆ ಕಿಟಕಿ ಕಡೆ ತಿರುಗಿ, "ಪ್ರಶ್ನೆ ಉದ್ಭವಿಸುವುದಿಲ್ಲ". ಕೋಣೆಯಲ್ಲಿ ಹೊಗೆ ವಾಸನೆ ಇನ್ನೂ ಆಡುತ್ತಿರುತ್ತದೆ.

ಅಕ್ಕ ಏಳನೇ ಕ್ಲಾಸಿನಲ್ಲಿದ್ದಾಗ ತಾಯಿ ತೀರಿಕೊಂಡರು. ಶಾಲೆ ಬಿಟ್ಟ ಮೇಲೆ ಮನೆಗೆ ಹೋದರೆ ಒಬ್ಬಳೇ, ಹಾಗಾಗಿ ಡಿಪೋಕ್ಕೇ ಹೋಗುತ್ತಿದ್ದರು. ಎಂಜಿನ್ನಿನ ಕೆಳಗೆ ಅಪ್ಪನ ಕಾಲೆರಡೇ ಕಾಣುತ್ತಿದ್ದವು. ಅವುಗಳ ಜೊತೆಗೇ ಮಾತಾಡುತ್ತ ಮಗ್ಗಿ ಒಪ್ಪಿಸುತ್ತಿದ್ದರಂತೆ. ಟೈಪಿಂಗ್ ಕಲಿತದ್ದೂ ಅಲ್ಲೇ, ಕಾರ್ಮಿಕ ಸಂಘದ ಕೋಣೆಯಲ್ಲಿದ್ದ ಹಳೆಯ ಯಂತ್ರದಲ್ಲಿ. ಶಾಸನಸಭೆಯಲ್ಲಿ ಬೆರಳಚ್ಚುಗಾರ್ತಿಯ ಕೆಲಸ ಸಿಕ್ಕಿತು, ಆದರೆ ಹಂಗಾಮಿ. ಆ ಹಂಗಾಮಿ ಹನ್ನೊಂದು ವರ್ಷ ಎಳೆಯಿತು. ನಡುವೆ ಟೈಲರ್ ಆಗಿದ್ದ ಗಂಡನ ಕಣ್ಣಿನ ದೃಷ್ಟಿ ಮಸುಕಾಗಿ ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿಟ್ಟರು. ಮಗಳನ್ನು ನೋಡಿಕೊಳ್ಳುವವರಿಲ್ಲದ ಅಧಿವೇಶನದ ದಿನಗಳಲ್ಲಿ ಮಗುವನ್ನು ಕರೆತಂದು, ಸದನದ ನಡಾವಳಿಯ ದಪ್ಪ ಸಂಪುಟಗಳನ್ನು ಜೋಡಿಸಿ ಮೇಲೆ ಕಂಬಳಿ ಹಾಸಿ ಮಲಗಿಸುತ್ತಿದ್ದರು. "ನಡಾವಳಿ ಓದ್ತಾ ಓದ್ತಾ ನಿದ್ದೆ ಹೋದವರು ಬೇಕಾದಷ್ಟು ಜನ ಇದಾರೆ. ಅದರ ಮೇಲೆ ನಿದ್ದೆ ಮಾಡಿ ಬೆಳೆದೋಳು ನನ್ನ ಮಗಳು ಒಬ್ಬಳೇ" ಎನ್ನುವಾಗ ಅಕ್ಕನ ಮುಖದಲ್ಲಿ ದೂರಿಲ್ಲ, ಲೆಕ್ಕಾಚಾರವೂ ಇಲ್ಲ. ಆ ಮಗಳು ಈಗ ಔಷಧಿ ಅಂಗಡಿ ನಡೆಸುತ್ತಾಳೆ. ಅಜ್ಜ ಬಚ್ಚಿಡುವ ಮಾತ್ರೆಗಳು ಬರುವುದು ಅಲ್ಲಿಂದಲೇ.

ಇನ್ನು ಗೋಡೆಯುದ್ದದ ಆ ಡ್ರಾಯರುಗಳು. ಮಂತ್ರಿಯೊಬ್ಬರು ಸದನದಲ್ಲಿ ನಿಂತು 'ಮಾಡಿಸುತ್ತೇನೆ' ಎಂದರೆ ಅದು ಗಾಳಿಗೆ ಹೋಗಬಾರದು, ಭರವಸೆ ಎಂದು ದಾಖಲಾಗಬೇಕು. ಸದನದ ಮಾತು ಕೇಳಿಸಲೆಂದು ನೆಲಮಾಳಿಗೆಯ ಗೋಡೆಗೆ ಹಾಕಿದ ಧ್ವನಿಪೆಟ್ಟಿಗೆಯಲ್ಲಿ ಆ ಮಾತು ಕಿವಿಗೆ ಬಿದ್ದ ಕೂಡಲೇ ಅಕ್ಕ ಒಂದು ಕಾರ್ಡು ತೆಗೆದು ಬರೆಯುತ್ತಾರೆ: ಯಾರು ಹೇಳಿದರು, ಏನು ಹೇಳಿದರು, ಯಾವ ದಿನ. ನಡಾವಳಿ ಅಚ್ಚಾದ ಮೇಲೆ ಸಂಪುಟ, ಪುಟ ಸೇರಿಸುತ್ತಾರೆ. ಕೆಲಸ ಆಯಿತೆಂದು ಇಲಾಖೆ ಬರೆದು ಕಳಿಸಿದರೆ ಕಾರ್ಡಿನ ಮೇಲೆ 'ಈಡೇರಿದೆ' ಎಂಬ ಸೀಲು ಬೀಳುತ್ತದೆ, ಕಾರ್ಡು ಹಿಂದಿನ ಬೀರುವಿಗೆ ಹೋಗುತ್ತದೆ. ಹೀಗೆ ಮೂವತ್ತೊಂದು ಸಾವಿರ ಕಾರ್ಡುಗಳು, ಎಲ್ಲವೂ ಒಂದೇ ಕೈಬರಹ.

ಹತ್ತು ವರ್ಷದ ಹಿಂದೆ ಕಂಪ್ಯೂಟರ್ ಬಂತು. ಬಾಕಿ ಇದ್ದ ಭರವಸೆಗಳನ್ನೆಲ್ಲ ಅದರೊಳಗೆ ತುಂಬಿದರು. ಈಡೇರಿದವನ್ನು ಯಾಕೆ ತುಂಬಬೇಕು? ಮುಗಿದ ಮದುವೆಗೆ ಓಲಗ ಯಾಕೆ ಎಂದು ಬಿಟ್ಟರು. ಬೀರುವಿನ ಕಾರ್ಡುಗಳನ್ನು ರದ್ದಿಗೆ ಹಾಕಿ ಜಾಗ ಮಾಡಿ ಎಂದು ಮೂರು ಸಲ ಆದೇಶವಾಯಿತು. "ಮೂರು ಸಲಾನೂ ಬೀರು ಮುಂದೆ ಕುರ್ಚಿ ಹಾಕ್ಕೊಂಡು ಕೂತೆ. ರದ್ದಿಯೋನು ಬಂದ, ನೋಡಿದ, ಟೀ ಕುಡಿದ, ಹೋದ. ಯಾಕೆ ಉಳಿಸ್ತೀಯಾ ಅಂತ ಕೇಳಿದ್ರೆ ಹೇಳೋಕೆ ನನಗೂ ಗೊತ್ತಿರಲಿಲ್ಲ. ಬರೆದ ಕೈಗೆ ಹರಿಯೋಕೆ ಮನಸ್ಸು ಬರಲಿಲ್ಲ, ಅಷ್ಟೇ."

ಅದು ಯಾಕೆಂಬುದು ಗೊತ್ತಾದದ್ದು ಐದು ತಿಂಗಳ ಹಿಂದೆ, ಇದೇ ಮೇಜಿನ ಮೇಲೆ, ಬೆಳಗಿನ ಆರು ಗಂಟೆಗೆ.

ಅಂದಿನ ಪಟ್ಟಿಯಲ್ಲಿ ನಾಲ್ಕನೆಯ ಪ್ರಶ್ನೆ ಹಿಂದಿನ ಸಾಲಿನ ಶಾಸಕಿಯೊಬ್ಬರದು. ಮೊದಲ ಸಲ ಗೆದ್ದುಬಂದವರು, ಹಿಂದೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಪ್ರಶ್ನೆ ನಗರದ ಬಸ್ ಡಿಪೋದ್ದು. ಊರ ನಡುವಿನ ಹನ್ನೆರಡು ಎಕರೆ, ದಿನ ಬೆಳಗಾದರೆ ನಾನೂರು ಬಸ್ಸು ಹೊರಡುವ ಜಾಗ. (ಅ) ಆ ಜಾಗವನ್ನು ವಾಣಿಜ್ಯ ಕಟ್ಟಡಕ್ಕಾಗಿ ದೀರ್ಘಾವಧಿ ಗುತ್ತಿಗೆಗೆ ಕೊಡುವ ಪ್ರಸ್ತಾವ ಇದೆಯೇ? (ಆ) ಹಾಗೆ ಕೊಡುವುದಿಲ್ಲ ಎಂದು ಸರ್ಕಾರ ಹಿಂದೆ ಸದನಕ್ಕೆ ಭರವಸೆ ಕೊಟ್ಟಿತ್ತೇ? ಅಕ್ಕ ಸ್ಕೇಲು ಇಟ್ಟು ಉತ್ತರವನ್ನು ಜೋರಾಗಿ ಓದಿದರು. (ಅ) ಹೌದು, ಡಿಪೋವನ್ನು ನಗರದಿಂದ ಹದಿನಾಲ್ಕು ಕಿಲೋಮೀಟರ್ ಹೊರಗೆ ಸ್ಥಳಾಂತರಿಸಲಾಗುವುದು. (ಆ) ಅಂಥ ಭರವಸೆ ದಾಖಲೆಗಳಲ್ಲಿ ಕಂಡುಬಂದಿಲ್ಲವಾದ್ದರಿಂದ ಪ್ರಶ್ನೆ ಉದ್ಭವಿಸುವುದಿಲ್ಲ.

ಎರಡು ಭಾಗಕ್ಕೂ ಉತ್ತರ ಇತ್ತು. ಲೆಕ್ಕಕ್ಕೆ ಅಕ್ಕನ ಕೆಲಸ ಅಲ್ಲಿಗೆ ಮುಗಿದಿತ್ತು. ಆದರೆ ಸ್ಕೇಲು ಮುಂದಿನ ಸಾಲಿಗೆ ಸರಿಯಲಿಲ್ಲ. ಇಪ್ಪತ್ತೊಂದು ವರ್ಷದ ಹಿಂದೆ ಡಿಪೋ ಮಾರುತ್ತಾರೆ ಎಂಬ ಸುದ್ದಿ ಹಬ್ಬಿದ್ದು, ಅಪ್ಪ ಮೂರು ದಿನ ಸರಿಯಾಗಿ ಊಟ ಮಾಡದೆ ಇದ್ದದ್ದು, ಅಂದಿನ ಸಾರಿಗೆ ಮಂತ್ರಿ ಸದನದಲ್ಲಿ ಎದ್ದು ಮಾತು ಕೊಟ್ಟದ್ದು, ಎಲ್ಲ ನಿನ್ನೆಯದೆಂಬಂತೆ ನೆನಪಿತ್ತು. ಆ ಸಂಜೆ ಓಡೋಡಿ ಮನೆಗೆ ಹೋಗಿ "ಉಳೀತು ಅಪ್ಪ, ಸದನದಲ್ಲಿ ಹೇಳಿದಾರೆ" ಎಂದಿದ್ದರು. ಆಗಲೇ ನಿವೃತ್ತರಾಗಿ ಮನೆಯಲ್ಲಿ ಸೈಕಲ್ಲು ಬಿಚ್ಚಿಕೊಂಡು ಕೂತಿದ್ದ ಅಪ್ಪ ಕೈಯ ಗ್ರೀಸು ಒರೆಸಿಕೊಳ್ಳುತ್ತ "ನೀನು ಬರ್ಕೊಂಡ್ಯಾ?" ಎಂದು ಕೇಳಿದ್ದರು.

ಬರೆದುಕೊಂಡಿದ್ದರು. ಹಾಗಿದ್ದರೆ ಕಂಪ್ಯೂಟರಿನಲ್ಲಿ ಯಾಕಿಲ್ಲ? ಅಕ್ಕ ಎದ್ದು ಹಿಂದಿನ ಬೀರು ತೆಗೆದರು. ಹನ್ನೆರಡು ನಿಮಿಷಕ್ಕೆ ಕಾರ್ಡು ಕೈಗೆ ಸಿಕ್ಕಿತು. ಅದನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ಓದಿದರು. 'ಡಿಪೋ ಜಾಗವನ್ನು ಮಾರುವುದಿಲ್ಲ, ಗುತ್ತಿಗೆಗೆ ಕೊಡುವುದಿಲ್ಲ, ಸಾರಿಗೆ ಬಿಟ್ಟು ಬೇರೆ ಯಾವುದಕ್ಕೂ ಬಳಸುವುದಿಲ್ಲ' ಎಂಬ ಸಾಲಿನ ಮೇಲೆಯೇ ಕೆಂಪು ಶಾಯಿಯ ಸೀಲು: 'ಈಡೇರಿದೆ'. ಕೆಳಗೆ ಅಕ್ಕನದೇ ಸಹಿ.

ಇಂಥ ತಪ್ಪು ಈ ಕೋಣೆಯಲ್ಲಿ ಕೆಲಸ ಮಾಡುವವರು ಮಾತ್ರ ಮಾಡಬಲ್ಲರು. ಮಾಡುತ್ತೇನೆ ಎಂಬ ಮಾತು ಮಾಡಿದ ದಿನಕ್ಕೆ ಮುಗಿಯುತ್ತದೆ. ಮಾಡುವುದಿಲ್ಲ ಎಂಬ ಮಾತು ಮುಗಿಯುವುದು ಯಾವಾಗ? ಅದು ಎಂದೆಂದಿಗೂ ಬಾಕಿಯೇ ಇರಬೇಕು. ಮಾರಾಟ ಕೈಬಿಟ್ಟೆವು ಎಂದು ಇಲಾಖೆಯ ಪತ್ರ ಬಂದ ದಿನ, ಕೆಲಸ ಕಾಯಂ ಆಗಿ ಎರಡು ವರ್ಷವಷ್ಟೇ ಆಗಿದ್ದ ಗುಮಾಸ್ತೆ ಅದನ್ನು ಯೋಚಿಸಿರಲಿಲ್ಲ. "ಖುಷೀಲಿ ಒತ್ತಿದ ಸೀಲು ಅದು. ನಮ್ಮಪ್ಪನ ಡಿಪೋ ಉಳೀತು ಅನ್ನೋ ಖುಷಿ. ಅಷ್ಟು ಜೋರಾಗಿ ಒತ್ತಿದೀನಿ ನೋಡಿ, ಹಿಂದುಗಡೆವರೆಗೂ ಶಾಯಿ ಇಳಿದಿದೆ" ಎಂದು ಅಕ್ಕ ಕಾರ್ಡು ತಿರುಗಿಸಿ ತೋರಿಸುತ್ತಾರೆ.

ಕಾರ್ಡನ್ನು ಮತ್ತೆ ಬೀರುವಿಗೆ ಹಾಕಿ ಬಾಗಿಲು ಮುಚ್ಚಿದ್ದರೆ ಲೋಕಕ್ಕೆ ತಿಳಿಯುತ್ತಿರಲಿಲ್ಲ. ನಿವೃತ್ತಿಗೆ ಇದ್ದದ್ದು ಎಂಟು ತಿಂಗಳು. ಸರ್ವಿಸಿನಲ್ಲಿ ಒಂದು ಕಪ್ಪು ಗುರುತಿಲ್ಲ. ಕಾರ್ಡು ಹೊರತೆಗೆದರೆ ಸೀಲೂ ಹೊರಬರುತ್ತದೆ, ವಿಚಾರಣೆ ಕೂತರೆ ಪಿಂಚಣಿಯೂ ಅಲ್ಲೇ ಕೂರುತ್ತದೆ. ಹೋಗಿ ಶಾಸಕಿಯ ಕಿವಿಯಲ್ಲಿ ಪಿಸುಗುಟ್ಟೋಣವೆಂದರೆ ಶಾಖೆಯವರು ಯಾವ ಪಕ್ಷದವರ ಕಿವಿಗೂ ಬಾಯಿ ಹಾಕುವಂತಿಲ್ಲ. ಅದು ಇಲ್ಲಿನ ಮೊದಲ ಪಾಠ. ಉಳಿದದ್ದು ಒಂದೇ ದಾರಿ, ಟಿಪ್ಪಣಿ ಬರೆದು ಸದನದ ಕಾರ್ಯದರ್ಶಿಯ ಮುಂದೆ ಇಡುವುದು.

ಅಕ್ಕ ದಾಖಲೆ ಕೋಣೆಗೆ ಹೋದರು. ಕಾರ್ಡು ಹೇಳಿದ ಸಂಪುಟ ಕೆಳಗಿನ ಸಾಲಿನಲ್ಲಿತ್ತು. ಬಗ್ಗಲಾಗದ ಮಂಡಿಗೆ ಬೈಯುತ್ತ ನೆಲದ ಮೇಲೆ ಕೂತೇ ಎಳೆದರು. ಪುಟ ತೆಗೆದರೆ ಮಾತು ಅಕ್ಷರಕ್ಕೆ ಅಕ್ಷರ ಇತ್ತು. ಎಂಟೂವರೆಗೆ ಕಾರ್ಯದರ್ಶಿಯ ಮೇಜಿನ ಮೇಲೆ ಸಂಪುಟ, ಕಾರ್ಡು, ಒಂದು ಪುಟದ ಟಿಪ್ಪಣಿ.

ಅವರು ಎರಡು ಸಲ ಓದಿದರು. "ಸೀಲು ಯಾರದು?"

"ನಂದೇ ಸಾರ್."

"ನಿವೃತ್ತಿ ಯಾವಾಗ ನಿಮಗೆ?"

"ಎಂಟು ತಿಂಗಳಿದೆ."

"ನೋಡಿ ಅಮ್ಮ, ಇದು ಒಳಗೆ ಹೋದ್ರೆ ಮೊದಲು ಕೇಳೋದು ನಿಮ್ಮನ್ನೇ. ಸ್ವಲ್ಪ ಯೋಚನೆ ಮಾಡಿ."

"ಯೋಚನೆ ಮಾಡೋಕೆ ಟೈಮೆಲ್ಲಿದೆ ಸಾರ್? ಪ್ರಶ್ನೆ ನಾಲ್ಕನೇದು."

ಕಾರ್ಯದರ್ಶಿ ಪೆನ್ನು ತೆಗೆದು ಟಿಪ್ಪಣಿಯ ಕೆಳಗೆ ಸಹಿ ಹಾಕಿ, ಸಂಪುಟವನ್ನು ಕಂಕುಳಲ್ಲಿ ಇಟ್ಟುಕೊಂಡು ತಾವೇ ಸಭಾಧ್ಯಕ್ಷರ ಕೋಣೆಗೆ ನಡೆದರು. ಅವರು ಯಾವ ಫೈಲನ್ನೂ ಕೈಯಲ್ಲಿ ಹಿಡಿದು ಓಡಾಡಿದ್ದನ್ನು ಅದುವರೆಗೆ ಯಾರೂ ನೋಡಿರಲಿಲ್ಲವಂತೆ.

ಹನ್ನೊಂದು ಇಪ್ಪತ್ತಕ್ಕೆ ನಾಲ್ಕನೆಯ ಪ್ರಶ್ನೆ ಬಂತು. ನೆಲಮಾಳಿಗೆಯಲ್ಲಿ ಅಕ್ಕ ಧ್ವನಿಪೆಟ್ಟಿಗೆಯ ಕೆಳಗೆ ನಿಂತಿದ್ದರು. ಮಂತ್ರಿ ಉತ್ತರ ಓದಿ ಕೂರುವಷ್ಟರಲ್ಲಿ ಸಭಾಧ್ಯಕ್ಷರ ದನಿ ಕೇಳಿಸಿತು: "ಎರಡನೆಯ ಭಾಗದ ಉತ್ತರ ಈ ಸದನದ ನಡಾವಳಿಗೆ ಹೊಂದುವುದಿಲ್ಲ. ನಾನೇ ಓದುತ್ತೇನೆ." ಓದಿದರು. ಆಮೇಲೆ ಧ್ವನಿಪೆಟ್ಟಿಗೆ ಒಡೆದುಹೋಗುವಂಥ ಗದ್ದಲ. ಶಾಸಕಿ ಎದ್ದು, ರೋಗಿಯನ್ನು ವಿಚಾರಿಸುವ ತಣ್ಣನೆಯ ದನಿಯಲ್ಲಿ ಉಪಪ್ರಶ್ನೆ ಹಾಕಿದರು: "ಡಿಪೋ ಆಚೆ ಹೋದರೆ ಬೆಳಗಿನ ಪಾಳಿಯ ನರ್ಸು ಎಷ್ಟು ಗಂಟೆಗೆ ಮನೆ ಬಿಡಬೇಕು ಅಂತ ಯಾರಾದರೂ ಲೆಕ್ಕ ಹಾಕಿದ್ದೀರಾ? ಸ್ಥಳಾಂತರದ ವರದಿಗೆ ಎಷ್ಟು ಖರ್ಚಾಯಿತು?" ಆಡಳಿತ ಪಕ್ಷದ ಸಾಲಿನಿಂದಲೂ ಮೂವರು ಎದ್ದರು. ಬಸ್ಸಿನಲ್ಲಿ ಓಡಾಡುವವರು ಅವರಿಗೂ ಓಟು ಹಾಕಿದವರೇ ತಾನೆ. ಮಂತ್ರಿ ಸಂಜೆ ನಾಲ್ಕರವರೆಗೆ ಸಮಯ ಕೇಳಿದರು.

ಆ ನಾಲ್ಕೂವರೆ ಗಂಟೆ ಅಕ್ಕ ಏನು ಮಾಡಿದರು? ಮರುದಿನದ ಉತ್ತರಗಳನ್ನು ಓದಿದರು. "ಒಂದಕ್ಷರ ತಲೆಗೆ ಹೋಗಲಿಲ್ಲ. ಮಾರನೇ ದಿನ ಎಲ್ಲಾ ಮತ್ತೆ ಓದಬೇಕಾಯ್ತು."

ನಾಲ್ಕಕ್ಕೆ ಮಂತ್ರಿ ಎದ್ದರು. ಬಳಸು ಮಾತಿಲ್ಲ, ಪರಿಶೀಲನೆ ಇಲ್ಲ. "ಮಾತು ಕೊಟ್ಟವರು ಬೇರೆಯವರಿರಬಹುದು, ಕೊಟ್ಟದ್ದು ಈ ಸದನಕ್ಕೆ. ಪ್ರಸ್ತಾವವನ್ನು ಸರ್ಕಾರ ಕೈಬಿಟ್ಟಿದೆ. ಡಿಪೋ ಇದ್ದಲ್ಲೇ ಇರುತ್ತದೆ." ಮೇಜು ಕುಟ್ಟುವ ಸದ್ದು ನೆಲಮಾಳಿಗೆಯ ಚಾವಣಿಯ ಮೂಲಕವೇ ಕೇಳಿಸಿತು, ಧ್ವನಿಪೆಟ್ಟಿಗೆ ಬೇಕಾಗಲಿಲ್ಲ. ಎರಡೂ ಕಡೆಯವರು ಕುಟ್ಟಿದರು. ಅಕ್ಕ ಅಳಲಿಲ್ಲ, ಕುಣಿಯಲೂ ಇಲ್ಲ. ಹೊಸ ಕಾರ್ಡು ತೆಗೆದು, ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡರು.

ಮೆಮೊ ಬಂದೇ ಬಂತು. 'ತಪ್ಪಾಗಿ ಸೀಲು ಒತ್ತಿದ್ದಕ್ಕೆ ವಿವರಣೆ ಕೊಡಿ' ಎಂದು. ಇಲಾಖೆಗಳ ಹಾರಿಕೆ ಉತ್ತರಗಳನ್ನು ಮೂವತ್ನಾಲ್ಕು ವರ್ಷ ಓದಿದ ಕೈ ಅದು, ಬೇಕೆಂದರೆ ಎಂಥ ಉತ್ತರ ಹೆಣೆಯಬಹುದಿತ್ತು! ಅಕ್ಕ ಬರೆದದ್ದು ಇಷ್ಟು: 'ಹೌದು, ತಪ್ಪು ನನ್ನದು. ಮಾಡುವುದಿಲ್ಲ ಎಂಬ ಮಾತು ಮುಗಿಯುವುದಿಲ್ಲ ಎಂದು ಆಗ ತಿಳಿದಿರಲಿಲ್ಲ. ಇಂಥ ಬೇರೆ ಕಾರ್ಡುಗಳಿವೆಯೇ ಎಂದು ಹುಡುಕಲು ಅನುಮತಿ ಕೊಡಿ.' ಸಭಾಧ್ಯಕ್ಷರು ಮೆಮೊದ ಮೇಲೆ 'ವಿವರಣೆ ಒಪ್ಪಿದೆ, ಅನುಮತಿ ಕೊಟ್ಟಿದೆ' ಎಂದು ತಮ್ಮ ಕೈಯಾರೆ ಬರೆದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಈ ಕೋಣೆಯಲ್ಲಿ ಹೋದ ಮಾತು ಮರಳಿ ಬಂದಿತ್ತು.

ಅಂದಿನಿಂದ ಬೀರು ಜಾಲಾಡುವ ಕೆಲಸ ನಡೆದಿದೆ. ಇದುವರೆಗೆ ಮುನ್ನೂರ ಹನ್ನೆರಡು ಕಾರ್ಡು ಸಿಕ್ಕಿವೆ. ಕೆರೆ ಮುಚ್ಚುವುದಿಲ್ಲ ಎಂದದ್ದು, ಆಸ್ಪತ್ರೆಯ ಹಿತ್ತಿಲು ಮಾರುವುದಿಲ್ಲ ಎಂದದ್ದು, ರೈಲುಗೇಟಿನ ಬಳಿಯ ಕಾಲುದಾರಿ ಕಿತ್ತುಕೊಳ್ಳುವುದಿಲ್ಲ ಎಂದದ್ದು. ಅವಕ್ಕೆಲ್ಲ ಬೇರೆ ಡ್ರಾಯರಾಗಿದೆ. ಅದರ ಮೇಲೆ ಅಕ್ಕ ತಾವೇ ಚೀಟಿ ಅಂಟಿಸಿದ್ದಾರೆ: 'ಸೀಲು ಒತ್ತಬಾರದು'. ರದ್ದಿಗೆ ಆದೇಶ ಕೊಟ್ಟ ಕಚೇರಿಯೇ ಈಗ ಆ ಬೀರುವಿಗೆ ಗೆದ್ದಲಿನ ಔಷಧಿ ಹೊಡೆಸಿದೆ. ಪೂರ್ತಿ ಮೂವತ್ತೊಂದು ಸಾವಿರವೂ ಕಂಪ್ಯೂಟರಿಗೆ ಏರುತ್ತಿವೆ. ಶಾಸಕಿ ಒಮ್ಮೆ ನೆಲಮಾಳಿಗೆಗೆ ಇಳಿದು ಬಂದು "ಕಾರ್ಡು ಹುಡುಕಿದವರು ಯಾರು?" ಎಂದು ಕೇಳಿದರಂತೆ. "ಶಾಖೆ ಹುಡುಕಿತು ಮೇಡಂ" ಎಂದು ಹೇಳಿ ಅಕ್ಕ ಟೀ ಕೊಟ್ಟು ಕಳಿಸಿದ್ದಾರೆ.

ಈಗ ಒಂಬತ್ತೂವರೆ. ಕೊನೆಯ ಕಟ್ಟು ಕೊನೆಯ ಮೇಜು ಸೇರಿದೆ. ಖಾಲಿ ಸದನದಲ್ಲಿ ಅಕ್ಕ ಹಿಂದಿನ ಸಾಲಿನ ಕಟ್ಟೊಂದನ್ನು ಒಂದಿಷ್ಟು ನೇರ ಮಾಡಿ, ಸುತ್ತ ಒಮ್ಮೆ ಕಣ್ಣಾಡಿಸುತ್ತಾರೆ. ಇನ್ನು ಮೂರು ತಿಂಗಳಿಗೆ ನಿವೃತ್ತಿ. ಏನು ಆಸೆ ಎಂದರೆ ಕೈ ಅಡ್ಡ ಆಡಿಸುತ್ತಾರೆ. "ಹಾರ ತುರಾಯಿ ಏನೂ ಬೇಡ. ಆ ಡ್ರಾಯರಿಗೆ ಒಂದು ಬೀಗ ಕೇಳಿದೀನಿ. ಕೀಲಿ ನನ್ನ ಜಾಗಕ್ಕೆ ಬರೋರ ಕೈಗೆ ನಾನೇ ಕೊಡಬೇಕು, ಆ ಕೆಂಪು ಸೀಲಿನ ಕಾರ್ಡು ತೋರಿಸಿ, ನನ್ನ ತಪ್ಪು ಏನು ಅಂತ ಹೇಳಿ. ಅಷ್ಟಾದ್ರೆ ಸಾಕು."

ಸಂಜೆ ಅಕ್ಕ ಮನೆಗೆ ಹೋಗುವುದು ಡಿಪೋದಿಂದ ಹೊರಡುವ ಬಸ್ಸಿನಲ್ಲೇ. ಕಿಟಕಿ ಪಕ್ಕ ಸೀಟು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ನಿಂತೇ. ಮನೆ ಬಾಗಿಲು ತೆಗೆಯುವ ಮೊದಲೇ ಒಳಗಿನಿಂದ ಅಪ್ಪನ ಪ್ರಶ್ನೆ ಬರುತ್ತದೆ, ಐದು ತಿಂಗಳಿಂದ ಒಂದು ದಿನವೂ ತಪ್ಪಿಲ್ಲ.

"ಡಿಪೋ ಇದೆಯೇನಮ್ಮ?"

ಚಪ್ಪಲಿ ಬಿಡುತ್ತ ಅಕ್ಕ ಉತ್ತರ ಕೊಡುತ್ತಾರೆ.

"ಇದೆ ಅಪ್ಪ. ನಾನು ಬರ್ಕೊಂಡಿದೀನಿ."